ಸಾರ್ಟರ್ ಸಾಹೇಬರ ಪೇಪರ್ ಕಟಿಂಗ್

"ಇನ್ಮೇಲೆ ಈ ಮನೆಯಿಂದ ಒಂದು ಹಿಡಿ ಕಸ ಹೊರಗೆ ಹೋಗ್ಲಿ, ಅರ್ಧ ಮೀಸೆ ಬೋಳಿಸ್ಕೊಂಡು ಓಡಾಡ್ತೀನಿ!"

ಸಾರ್ಟರ್ ಸಾಹೇಬರು ಹೀಗೆ ಘರ್ಜಿಸಿದಾಗ ಅವರ ಹೆಂಡತಿ ಹೊಲಿಗೆ ಮೆಷಿನ್ನಿನ ಸೂಜಿಗೆ ದಾರ ಪೋಣಿಸುತ್ತಿದ್ದರು. ತಲೆ ಎತ್ತಲೂ ಇಲ್ಲ.

"ಬೋಳಿಸಿದ ಮೀಸೆ ಹಸಿ ಕಸಾನೋ ಒಣ ಕಸಾನೋ? ಮೊದಲೇ ಹೇಳ್ಬಿಡಿ, ಡಬ್ಬ ರೆಡಿ ಇಡ್ತೀನಿ."

ಸಾಹೇಬರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಅಂಚೆ ಕಚೇರಿಯ ಗೂಡುಗಳ ಮುಂದೆ ನಿಂತು ಪತ್ರಗಳನ್ನು ಊರೂರಿಗೆ ಬೇರ್ಪಡಿಸುತ್ತಲೇ ತಲೆ ನರೆಸಿಕೊಂಡವರು. ನಿವೃತ್ತಿಯಾದ ಮೇಲೆ ಬೇರ್ಪಡಿಸಲು ಏನೂ ಸಿಗದೆ ಕೈ ತುರಿಸುತ್ತಿತ್ತು. ಅಷ್ಟರಲ್ಲಿ ಊರಿನಲ್ಲಿ ಮರುಬಳಕೆ ಸಮಿತಿ ಶುರುವಾಯಿತು. ನಗರದ ಬಸ್ಸು ತಿರುಗಿಕೊಂಡು ವಾಪಸ್ಸಾಗುವ ಕೊನೆಯ ಸ್ಟಾಪಿನ ಊರು ಅದು. ಖಾಲಿ ಬಿದ್ದಿದ್ದ ಶೆಡ್ಡೊಂದು ಸಮಿತಿಯ ಕಾರ್ಯಾಗಾರವಾಯಿತು. ಹಸಿ ಕಸ ಹಿತ್ತಲ ಗೊಬ್ಬರದ ಗುಂಡಿಗೆ, ಒಣ ಕಸ ಶೆಡ್ಡಿಗೆ, ಪ್ಲಾಸ್ಟಿಕ್ ಚೀಲಕ್ಕೆ ಊರಿನಿಂದಲೇ ಗಡೀಪಾರು! ಯಾವ ಮನೆ ಎಲ್ಲಕ್ಕಿಂತ ಅಚ್ಚುಕಟ್ಟೋ ಆ ಮನೆಯ ಗೇಟಿಗೆ 'ಕಸವಿಲ್ಲದ ಮನೆ' ಎಂಬ ಹಸಿರು ಬೋರ್ಡು.

ಬೋರ್ಡು ತಮ್ಮದೇ ಎಂಬುದರಲ್ಲಿ ಸಾಹೇಬರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಗೇಟಿಗೆ ಮೊಳೆ ಹೊಡೆದೇ ಬಿಟ್ಟರು. ಹಿಂಬಾಗಿಲ ಬಳಿ ಹಲಗೆಗಳನ್ನು ಜೋಡಿಸಿ ಅಂಚೆ ಕಚೇರಿಯ ಮಾದರಿಯಲ್ಲೇ ಗೂಡುಗಳನ್ನು ಕಟ್ಟಿದರು. ಪ್ರತಿಯೊಂದು ವಸ್ತುವನ್ನೂ ಎತ್ತಿ ಹಿಡಿದು, "ಎಲ್ಲಿಗಪ್ಪಾ ನಿನ್ನ ಪ್ರಯಾಣ?" ಎಂದು ವಿಚಾರಿಸಿ ಗೂಡಿಗೆ ತಳ್ಳುತ್ತಿದ್ದರು. ಅಕ್ಕಪಕ್ಕದವರು ಸಮಿತಿಗೆ ಒಪ್ಪಿಸಬೇಕಾದ ಪ್ಲಾಸ್ಟಿಕ್ ಚೀಲಗಳನ್ನೂ ತಾವೇ ಇಸಿದುಕೊಂಡು ಒಂದು ಗೂಡಿನಲ್ಲಿ ಸೆರೆಯಲ್ಲಿಟ್ಟಿದ್ದರು.

ಇಂಥ ಸಮಯದಲ್ಲಿ ಹೆಂಡತಿ ಅಕ್ಕನ ಮನೆಗೆ ಹೊರಟರು. ಊರಿಗೆಲ್ಲ ಅವರು ಟೈಲರಮ್ಮ. ಬಸ್ಸು ಹತ್ತುವಾಗ ಒಂದೇ ಮಾತು ಹೇಳಿದರು: "ರೀ, ಏನು ಬೇಕಾದ್ರೂ ಎಸೀರಿ. ನನ್ನ ಪೇಪರ್ ಕಟಿಂಗ್ ಮಾತ್ರ ಮುಟ್ಟಬೇಡಿ. ನನ್ನಾಣೆ!"

"ನಾನೇನು ಎಳೇ ಮಗೂನಾ? ಹೋಗಿ ಬಾ ಮಾರಾಯ್ತಿ."

ಮನೆಗೆ ಬಂದವರೇ ಸಾಹೇಬರು ಆ ಅಮೂಲ್ಯ ಪೇಪರ್ ಕಟಿಂಗ್ ಹುಡುಕಿದರು. ಮೆಷಿನ್ನಿನ ಡ್ರಾಯರ್ ಎಳೆದರೆ, ಅಬ್ಬಾ! ಗುಂಡಿಗಳ ಡಬ್ಬದ ಕೆಳಗೆ ಪತ್ರಿಕೆಯಿಂದ ನೀಟಾಗಿ ಕತ್ತರಿಸಿದ ಒಂದು ತುಣುಕು. ಅದರಲ್ಲಿ ಯಾರ ಫೋಟೋ? ಸ್ವತಃ ಸಾರ್ಟರ್ ಸಾಹೇಬರದು! ಉತ್ತಮ ನೌಕರ ಎಂದು ಇಲಾಖೆ ಹಾರ ಹಾಕಿದ ದಿನದ ಸುದ್ದಿ.

ಸಾಹೇಬರು ಅದನ್ನು ಎದೆಗೊತ್ತಿಕೊಂಡರು. "ನೋಡು ಇವಳನ್ನ! ಬಾಯಲ್ಲಿ ಒಂದು ದಿನ ಹೊಗಳಿದವಳಲ್ಲ, ಒಳಗೊಳಗೇ ನನ್ನ ಪೇಪರ್ ಕಟಿಂಗ್ ಜೋಪಾನ ಮಾಡಿದಾಳೆ!" ಕನ್ನಡಿಯ ಮುಂದೆ ಹೋಗಿ ಮೀಸೆ ತೀಡಿಕೊಂಡರು. ಕಟಿಂಗನ್ನು ಭದ್ರವಾಗಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆಣೆಯೂ ಉಳಿಯಿತು, ಕೈಗಳೂ ಬಿಡುಗಡೆಯಾದವು.

ಮೆಷಿನ್ನಿನ ಕೆಳಗೆ ಹಳೇ ಬೆಡ್‌ಶೀಟಿನ ಗಂಟೊಂದಿತ್ತು. ಬಿಚ್ಚಿದರೆ ಬರೀ ಹಳೇ ಪತ್ರಿಕೆ! ಅದೂ ಅಡ್ಡಾದಿಡ್ಡಿ ಕತ್ತರಿಸಿದ್ದು. ಒಂದು ಕಡೆ ಕಮಾನು, ಇನ್ನೊಂದು ಕಡೆ ಮೂಲೆ, ಮೇಲೆ ಕೆಂಪು ಪೆನ್ಸಿಲ್ ಗೀಟು. ಬೇಕಾದ್ದು ಕತ್ತರಿಸಿಕೊಂಡ ಮೇಲೆ ಉಳಿದ ಸಿಪ್ಪೆ ಎಂದು ಸಾಹೇಬರು ತೀರ್ಪು ಕೊಟ್ಟರು. ಅದೇ ಮಧ್ಯಾಹ್ನ ಗಂಟು ಹೊತ್ತು ಶೆಡ್ಡಿಗೆ ಹೋದರು. ಅಲ್ಲಿ ಹಳೇ ಪತ್ರಿಕೆಯಿಂದ ಅಂಗಡಿಗಳಿಗೆ ಚೀಲ ಅಂಟಿಸುತ್ತಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಸಾಹೇಬರ ಎದೆ ಅಂಗಿಯೊಳಗೆ ಹಿಡಿಸಲಿಲ್ಲ.

ಶನಿವಾರ ಮಧ್ಯಾಹ್ನ ಟೈಲರಮ್ಮ ವಾಪಸ್ಸು ಬಂದರು. ಚಪ್ಪಲಿ ಬಿಟ್ಟು, ಮುಖ ತೊಳೆದು, ಮೆಷಿನ್ನಿನ ಕೆಳಗೆ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ.

"ರೀ... ನನ್ನ ಪೇಪರ್ ಕಟಿಂಗ್ ಎಲ್ಲಿ?"

"ಬೀರುನಲ್ಲಿ ಭದ್ರವಾಗಿದೆ ಕಣೇ!" ಸಾಹೇಬರು ನಾಚಿಕೊಳ್ಳುತ್ತಾ ಫೋಟೋ ತಂದು ಕೈಗಿಟ್ಟರು. "ನೀನು ಇಷ್ಟು ಪ್ರೀತಿಯಿಂದ ಇಟ್ಟಿದ್ದೀಯ ಅಂತ ಗೊತ್ತೇ ಇರ್ಲಿಲ್ಲ."

"ಇದಲ್ಲ! ಗಂಟು! ಜನರ ಅಳತೆಗೆ ಪೇಪರ್‌ನಲ್ಲಿ ಕತ್ತರಿಸಿ ಇಟ್ಟಿದ್ನಲ್ಲ, ಅದನ್ನ ಬಟ್ಟೆ ಮೇಲಿಟ್ಟು ತಾನೇ ನಾನು ಕತ್ತರಿ ಹಾಕೋದು? ಈ ಊರಿನ ಒಬ್ಬೊಬ್ಬರ ತೋಳು, ಬೆನ್ನು, ಎದೆ ಎಲ್ಲಾ ಅದರಲ್ಲಿತ್ತು!"

ಸಾಹೇಬರು ಮೆಷಿನ್ನಿನ ಕೆಳಗಿನ ಖಾಲಿ ಜಾಗ ನೋಡಿದರು. ಇಡೀ ಊರಿನ ತೋಳುಗಳನ್ನು ಅವರು ಚಪ್ಪಾಳೆಯ ನಡುವೆ ದಾನ ಮಾಡಿ ಬಂದಿದ್ದರು. ಆದರೆ ನಾಲಿಗೆ ಎಂಬುದು ನೋಡಿ, ಯಜಮಾನನನ್ನು ಕೇಳದೆ ಮುಂದೆ ಓಡುತ್ತದೆ.

"ನಾನು ಮುಟ್ಟೇ ಇಲ್ಲಪ್ಪ! ಇಲಿ... ಇಲಿ ತಿಂದಿರ್ಬೇಕು."

"ಬೆಡ್‌ಶೀಟ್ ಸಮೇತಾನಾ?"

"ದೊಡ್ಡ ಇಲಿ."

ಟೈಲರಮ್ಮ ಜಗಳವಾಡಲಿಲ್ಲ. ನೆಲದ ಮೇಲೇ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸಾಹೇಬರಿಗೆ ಅದು ಬೈಗುಳಕ್ಕಿಂತ ಕಷ್ಟವಾಯಿತು.

"ಬೇರೆಯವರದ್ದು ಹೋಗ್ಲಿ ರೀ, ಮತ್ತೆ ಅಳತೆ ತಗೋತೀನಿ. ದೊಡ್ಡ ಮೇಡಂದು ಹೇಗೆ ತಗೊಳ್ಲಿ?"

ದೊಡ್ಡ ಮೇಡಂ ಎಂದರೆ ಶಾಲೆಯ ಹೆಡ್ಮಿಸ್ಟ್ರೆಸ್. ಮರುಬಳಕೆ ಸಮಿತಿಯ ಅಧ್ಯಕ್ಷೆಯೂ ಅವರೇ. ಅವರು ನಡೆದು ಬಂದರೆ ಬೀದಿಯ ನಾಯಿ ಕೂಡ ಸಾಲಾಗಿ ನಿಲ್ಲುತ್ತದೆಂದು ಊರಿನಲ್ಲಿ ಮಾತು.

"ಅವರ ಎಡ ಭುಜ ಹುಟ್ಟಿನಿಂದ ಇಳಿದಿದೆ ರೀ. ಈ ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಯಾಕೆ ಗೊತ್ತಿಲ್ಲ? ನನ್ನ ಕಟಿಂಗ್ ಅದನ್ನ ಮುಚ್ಚುತ್ತೆ. ಅಳತೆ ಕೊಟ್ಟಿದ್ದು ಒಂದೇ ಸಲ. ಅವತ್ತು ಆ ಹೆಂಗಸು ಗೋಡೆ ಕಡೆ ಮುಖ ಮಾಡಿ ಅತ್ತುಬಿಟ್ರು. 'ಇನ್ನೊಂದ್ಸಲ ಟೇಪು ಹಿಡೀಬೇಡಿ ಟೈಲರಮ್ಮ' ಅಂದ್ರು. ನಾನು ಮಾತು ಕೊಟ್ಟೆ. ಮುಂದಿನ ವಾರ ಅವರು ರಿಟೈರ್ ಆಗ್ತಾರೆ. ಅವತ್ತು ಹಾಕ್ಕೊಳ್ಳೋಕೆ ಕೋಟು ಹೊಲೀಬೇಕು."

"ಹಳೇ ಕೋಟು ತರಿಸ್ಕೊಂಡ್ರೆ?"

"ಯಾಕೆ ಅಂತ ಕೇಳಲ್ವಾ? ಏನಂತ ಹೇಳ್ಲಿ, ನಿಮ್ಮ ಭುಜ ಇಲಿ ತಿಂತು ಅಂತಾನಾ?"

ಸಾಹೇಬರು ಮೆಲ್ಲಗೆ ಎದ್ದರು. "ಒಂದು ಸುತ್ತು ವಾಕಿಂಗ್ ಹೋಗಿ ಬರ್ತೀನಿ" ಎಂದವರೇ ದಡಬಡನೆ ಓಡಿದರು. ಬೋರ್ಡಿಗಾಗಿ ಕಾದಿದ್ದ ಗೇಟಿನ ಮೊಳೆ ಅಂಗಿಯ ತೋಳನ್ನು ಪರ್ರನೆ ಸೀಳಿತು. ಅದನ್ನು ನೋಡಲೂ ನಿಲ್ಲಲಿಲ್ಲ.

ಶೆಡ್ಡಿನ ಹೆಂಗಸು ಮುಖ ಅರಳಿಸಿದಳು. "ಬನ್ನಿ ಸಾಹೇಬ್ರೇ! ಎಂಥಾ ಪೇಪರ್ ಕೊಟ್ರಿ! ಅರ್ಧ ಕತ್ತರಿಸೇ ಕೊಟ್ಟಿದ್ರಿ, ನಮಗೆ ಕೆಲಸಾನೇ ಇರ್ಲಿಲ್ಲ. ಎಲ್ಲಾ ಚೀಲ ಆಗಿ ಅಂಗಡಿಗಳಿಗೆ ಹೋಯ್ತು."

ಎಲ್ಲಾ ಅಂಗಡಿಗಳಿಗೆ! ಸಾಹೇಬರು ತರಕಾರಿ ಅಂಗಡಿಗೆ ಓಡಿದರು. ಅಲ್ಲಿಯ ಅಜ್ಜಿ ಒಂದು ಪೇಪರ್ ಚೀಲ ಹಿಡಿದು ಗೊಣಗುತ್ತಿದ್ದಳು. "ಇದ್ಯಾವ ಚೀಲನಪ್ಪ, ಕಂಕುಳು ಇದೆ ಇದಕ್ಕೆ! ಹಾಕಿದ ಆಲೂಗಡ್ಡೆ ಎಲ್ಲಾ ತೋಳಲ್ಲೇ ಇಳಿದುಹೋಗುತ್ತೆ."

"ಅಜ್ಜೀ, ಇವನ್ನೆಲ್ಲಾ ನಂಗೆ ಕೊಟ್ಬಿಡಿ."

"ಕೊಟ್ರೆ ನಾನು ಗಿರಾಕಿಗಳಿಗೆ ಕೈಗೆ ಸುರೀಲಾ? ಬದಲಿಗೆ ಏನು ಕೊಡ್ತೀರಿ?"

ಬದಲಿಗೆ ಕೊಡಲು ಸಾಹೇಬರ ಬಳಿ ಇದ್ದದ್ದು ಒಂದೇ ಆಸ್ತಿ. ಮನೆಗೆ ಓಡಿ, ಹಿಂಬಾಗಿಲಿನಿಂದ ನುಸುಳಿ, ಗೂಡಿನಲ್ಲಿ ಸೆರೆಯಿದ್ದ ಪ್ಲಾಸ್ಟಿಕ್ ಚೀಲಗಳನ್ನು ಬಾಚಿಕೊಂಡು ಬಂದರು. ಅಜ್ಜಿಯ ಕಣ್ಣು ಫಳಫಳ ಹೊಳೆಯಿತು. "ಅಯ್ಯೋ ನನ್ನಪ್ಪಾ! ಪ್ಲಾಸ್ಟಿಕ್ಕು! ಎಷ್ಟು ದಿನ ಆಗಿತ್ತು ಮುಖ ನೋಡಿ!"

ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬಿತು. ಬೇಕರಿಯವನು ಷಟರ್ ಅರ್ಧ ಇಳಿಸಿ, ಆಚೀಚೆ ನೋಡಿ, ಕಳ್ಳಸಾಗಣೆಯ ಮಾಲಿನಂತೆ ಚೀಲ ಪಡೆದ. ಬನ್ನು ತುಂಬಿದ್ದ ಚೀಲವೊಂದನ್ನು ಸಾಹೇಬರು ಅಲ್ಲೇ ಬಿಚ್ಚಿ ಕೆಂಪು ಗುರುತು ಓದಿದರೆ ಅದು ಬೇಕರಿಯವನದೇ ಹೊಟ್ಟೆಯ ಭಾಗ. ದಾರಿಯಲ್ಲಿ ಹೋಗುತ್ತಿದ್ದವರನ್ನೂ ಬಿಡಲಿಲ್ಲ. "ಅಕ್ಕಾ, ಆ ಚೀಲ ಕೊಡಿ, ಈ ಚೀಲ ತಗೊಳ್ಳಿ!"

"ಯಾಕ್ರೀ, ನನ್ನ ಚೀಲಕ್ಕೇನಾಗಿದೆ?"

"ಅದು ನಿಮ್ಮದಲ್ಲಕ್ಕಾ, ಅದು ಯಾರದೋ ಬೆನ್ನು!"

ಆಕೆ ಚೀಲ ಅಲ್ಲೇ ಬಿಟ್ಟು ಓಡಿಹೋದಳು.

ಪ್ಲಾಸ್ಟಿಕ್ಕನ್ನು ಊರಿನಿಂದ ಓಡಿಸಲು ಪಣ ತೊಟ್ಟಿದ್ದ ಮಹಾಪುರುಷರು ಒಂದೇ ಸಂಜೆಯಲ್ಲಿ ಅದನ್ನು ಮನೆಮನೆಗೆ ಮುಟ್ಟಿಸಿದರು! ಕಂಕುಳ ತುಂಬ ಪೇಪರ್ ಚೀಲ ಅವುಚಿಕೊಂಡು, ಹರಿದ ತೋಳಿನಲ್ಲಿ ಮನೆಗೆ ಬಂದಾಗ ಟೈಲರಮ್ಮ ಬಾಗಿಲಲ್ಲೇ ನಿಂತಿದ್ದರು.

"ಇಲಿ ಸಿಕ್ತಾ?"

ಸಾಹೇಬರು ತಲೆ ತಗ್ಗಿಸಿದರು. "ಸಿಕ್ತು ಕಣೇ. ನಿನ್ನ ಎದುರಿಗೇ ನಿಂತಿದೆ."

ಟೈಲರಮ್ಮ ಒಂದು ತಟ್ಟೆಯಲ್ಲಿ ನೀರು, ಒಂದು ಬಟ್ಟೆ ತಂದು ಮುಂದಿಟ್ಟರು. ಇಬ್ಬರೂ ನೆಲದ ಮೇಲೆ ಕೂತು ಚೀಲಗಳ ಅಂಟು ಬಿಡಿಸಿದರು. ದೊಡ್ಡ ಮೇಡಂ ತುಂಡುಗಳಿಗೆಲ್ಲ 'ದೊ. ಮೇ.' ಎಂಬ ಕೆಂಪು ಗುರುತಿತ್ತು. ಬೆನ್ನು ಸಿಕ್ಕಿತು, ತೋಳುಗಳು ಸಿಕ್ಕಿದವು, ಬಲ ಭುಜ ಸಿಕ್ಕಿತು. ಸಿಗದೇ ಹೋದದ್ದು ಒಂದೇ, ಎಡ ಭುಜ.

"ಅದೊಂದಿದ್ರೆ ಸಾಕಿತ್ತು. ಮಿಕ್ಕಿದ್ದೆಲ್ಲಾ ಹೋಗಿದ್ರೂ ಚಿಂತೆ ಇರ್ಲಿಲ್ಲ" ಎಂದರು ಟೈಲರಮ್ಮ.

ಭಾನುವಾರ ಬೆಳಿಗ್ಗೆ ಗೇಟು ಕಿರ್ರೆಂದಿತು. ಪರಿಶೀಲನೆಗೆ ದೊಡ್ಡ ಮೇಡಂ! ಸಾಹೇಬರು ಊರಿನ ತೋಳುಬೆನ್ನುಗಳನ್ನೆಲ್ಲ ಮಂಚದ ಕೆಳಗೆ ತಳ್ಳಿ, ನಿನ್ನೆಯ ಹರಿದ ಅಂಗಿಯಲ್ಲೇ ಕೈ ಜೋಡಿಸಿ ನಿಂತರು. ಮೇಡಂ ಗೊಬ್ಬರದ ಗುಂಡಿ ನೋಡಿದರು, ತಲೆಯಾಡಿಸಿದರು. ಗೂಡುಗಳನ್ನು ನೋಡಿದರು, ಬೆರಳಿನಿಂದ ಧೂಳು ಪರೀಕ್ಷಿಸಿದರು, ಸಣ್ಣಗೆ ನಕ್ಕರು.

"ಶಿಸ್ತು ಅಂದ್ರೆ ಇದು ಸಾಹೇಬ್ರೇ. ನನಗಂತೂ ಇನ್ನೊಂದು ಮನೆ ನೋಡೋ ಅಗತ್ಯ ಕಾಣಲ್ಲ."

ಹೆಗಲ ಚೀಲದಿಂದ ಹಸಿರು ಬೋರ್ಡು ಅರ್ಧ ಹೊರಗೆ ಬಂತು. ಅದನ್ನು ಎಳೆಯಲು ಅಡ್ಡವಾಗುತ್ತದೆಂದು ಮೇಡಂ ಇನ್ನೊಂದು ಕೈಯಲ್ಲಿದ್ದ ಪೊಟ್ಟಣವನ್ನು ಮೆಷಿನ್ನಿನ ಮೇಲಿಟ್ಟರು. "ಎದುರುಮನೆಯವರಿಗೆ ಕೊಡೋ ನಿಂಬೆಹಣ್ಣು" ಎಂದರು. ಪೇಪರ್ ಚೀಲ. ಅದರ ಮೇಲೆ ಕಮಾನಿನಂತೆ ಇಳಿಜಾರಾದ ಅಂಚು. ಅಂಚಿನ ಮೇಲೆ ಕೆಂಪು ಪೆನ್ಸಿಲ್ಲು!

ಸಾಹೇಬರು ಹೆಂಡತಿಯ ಮುಖ ನೋಡಿದರು. ಹೆಂಡತಿಯ ಮುಖ ಬಿಳಿಚಿಹೋಗಿತ್ತು. ಮೇಡಂ ತಮ್ಮ ಎಡ ಭುಜವನ್ನು ತಾವೇ ಕೈಯಲ್ಲಿ ಹಿಡಿದು ಊರೆಲ್ಲ ಸುತ್ತಿ ಬಂದಿದ್ದರು.

"ಹಾಂ, ಇದೊಂದು ಕೇಳೋಣ ಅಂತಿದ್ದೆ" ಎಂದರು ಮೇಡಂ. "ಈ ಚೀಲದ ಮೇಲೆ 'ದೊ. ಮೇ.' ಅಂತ ಬರೆದಿದೆಯಲ್ಲ, ಏನದು?"

"ದೊ... ದೊಣ್ಣೆ ಮೆಣಸಿನಕಾಯಿ ಮೇಡಂ! ತರಕಾರಿ ಅಂಗಡಿ ಚೀಲ."

"ಮೆಣಸಿನಕಾಯಿಗೆ ದೀರ್ಘ ಯಾಕೆ?" ಮೇಡಂ ಹುಬ್ಬು ಗಂಟಾಯಿತು. ಕನ್ನಡಕ ಸರಿಮಾಡಿಕೊಂಡು ಚೀಲವನ್ನು ಕಣ್ಣಿನ ಹತ್ತಿರಕ್ಕೆ ತಂದರು. ಅವರಿನ್ನೂ ನೋಡದ, ಸಾಹೇಬರ ಕಡೆಗಿದ್ದ ಮಗ್ಗುಲಲ್ಲಿ ಟೈಲರಮ್ಮನ ಅಕ್ಷರದಲ್ಲೇ 'ಎಡ ಭುಜ, ಇಳಿಸು' ಎಂದಿದೆ!

ಸಾಹೇಬರು ಯೋಚಿಸಲಿಲ್ಲ. "ಹರಿದುಹೋಗುತ್ತೆ ಮೇಡಂ!" ಎಂದು ಕೂಗಿ ಚೀಲವನ್ನು ಕಿತ್ತುಕೊಂಡರು. ನಿಂಬೆಹಣ್ಣುಗಳು ಕೋಣೆಯ ಉದ್ದಗಲಕ್ಕೂ ಉರುಳಿದವು. ಟೈಲರಮ್ಮ ಬಟ್ಟೆಯ ಕೈಚೀಲದ ಕಡೆ ಕಣ್ಸನ್ನೆ ಮಾಡುತ್ತಲೇ ಇದ್ದರು. ಆದರೆ ಸಾಹೇಬರ ಕೈ ನಿನ್ನೆಯ ಅಭ್ಯಾಸದಲ್ಲಿ ಜೇಬಿಗೆ ಹೋಗಿ, ಬರಬಾರದ್ದನ್ನು ಹೊರಗೆಳೆದಿತ್ತು.

"ತಗೊಳ್ಳಿ ಮೇಡಂ, ಗಟ್ಟಿ ಚೀಲ."

ಪ್ಲಾಸ್ಟಿಕ್ಕು! ಸಮಿತಿಯ ಅಧ್ಯಕ್ಷೆಯ ಮೂಗಿನ ಕೆಳಗೆ ಸರಬರ ಸದ್ದು ಮಾಡುವ, ಹೊಳೆಯುವ ಪ್ಲಾಸ್ಟಿಕ್ಕು!

ಮೇಡಂ ಕೈ ಹಿಂದಕ್ಕೆ ಎಳೆದುಕೊಂಡರು. "ಊರಲ್ಲಿ ನಿನ್ನೆಯಿಂದ ಯಾರೋ ಹಂಚ್ತಿದಾರೆ ಅಂತ ದೂರು ಬಂದಿತ್ತು. ನೀವು ಅಂತ ಅಂದ್ಕೊಂಡಿರ್ಲಿಲ್ಲ."

ನಡೆದದ್ದನ್ನು ಹೇಳಿದ್ದರೆ ಮಾನ ಉಳಿಯುತ್ತಿತ್ತು, ಬಹುಶಃ ಬೋರ್ಡೂ ಉಳಿಯುತ್ತಿತ್ತು. ಸಾಹೇಬರು ಬಾಯಿ ತೆರೆದರು. ಎದುರಿಗೆ ನೆಟ್ಟಗೆ ನಿಂತಿದ್ದ ಮೇಡಂ ಭುಜಗಳನ್ನು ನೋಡಿದರು, ಎರಡೂ ಒಂದೇ ಸಮ. ಕೈಯಲ್ಲಿದ್ದ ಪೇಪರನ್ನು ಬೆನ್ನ ಹಿಂದೆ ಅಡಗಿಸಿದರು.

"ನಂದೇ ತಪ್ಪು ಮೇಡಂ. ಏನು ಮಾಡ್ಲಿ, ಪ್ಲಾಸ್ಟಿಕ್ ಚಟ."

ಹಸಿರು ಬೋರ್ಡು ಮತ್ತೆ ಚೀಲದೊಳಗೆ ಇಳಿಯಿತು. ಮೇಡಂ ನಿಂಬೆಹಣ್ಣುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಎದುರುಮನೆಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಂದ ಮೊಳೆ ಹೊಡೆಯುವ ಸದ್ದು ಕೇಳಿಸಿತು.

ಇಂಗು ತಿಂದ ಮಂಗನಂತೆ ಕೂತಿದ್ದ ಗಂಡನ ಪಕ್ಕ ಟೈಲರಮ್ಮ ಬಂದು ಕೂತರು. ಎಡ ಭುಜವನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಸುಕ್ಕು ನೀವಿದರು. ಕಣ್ಣು ತುಂಬಿತ್ತು, ಆದರೆ ಬಾಯಿ ನಗುತ್ತಿತ್ತು.

"ಹೋಗ್ಲಿ ಬಿಡು" ಎಂದರು ಸಾಹೇಬರು. "ಬೋರ್ಡು ಇಲ್ದಿದ್ರೇನು, ನನ್ನ ಫೋಟೋನಾದ್ರೂ ಜೋಪಾನವಾಗಿ ಇಟ್ಟಿದ್ದೀಯಲ್ಲ, ಅಷ್ಟೇ ಸಾಕು."

"ಅದನ್ನ ಸ್ವಲ್ಪ ತಿರುಗಿಸಿ ನೋಡಿ."

ತಿರುಗಿಸಿದರು. ಹಿಂಬದಿಯಲ್ಲಿ ಹೆಂಗಸರ ಕೋಟಿನ ಕಾಲರ್ ಡಿಸೈನ್!

"ಕಾಲರ್ ಚೆನ್ನಾಗಿತ್ತು ಅಂತ ಕತ್ತರಿಸಿದ್ದು ರೀ. ಆದ್ರೆ ಕತ್ತರಿ ಹಾಕ್ವಾಗ ಈ ಕಡೆ ನಿಮ್ಮ ಕಿವಿ ಅಡ್ಡ ಬಂತು. ಮನಸ್ಸು ಬರ್ಲಿಲ್ಲ. ನೋಡಿ, ಕಾಲರ್ ತುದೀನೇ ಬಿಟ್ಟಿದ್ದೀನಿ."

ಸಾಹೇಬರು ಕಾಲರನ್ನೂ ಕಿವಿಯನ್ನೂ ತಿರುತಿರುಗಿಸಿ ನೋಡಿದರು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಟೈಲರಮ್ಮ ಎದ್ದು ಎರಡು ಡಬ್ಬಗಳನ್ನೂ ಎಳೆದು ತಂದು ಅವರ ಮುಂದಿಟ್ಟರು.

"ಸರಿ ಸಾರ್ಟರ್ ಸಾಹೇಬ್ರೇ, ಬೇರ್ಪಡಿಸಿ ನೋಡೋಣ. ಇಲಿ ತಿಂತು ಅಂದ್ರಲ್ಲ, ಅದು ಹಸಿ ಸುಳ್ಳು. ಹಸಿ ಡಬ್ಬಕ್ಕೆ ಹಾಕಿ. ಕನ್ನಡಿ ಮುಂದೆ ಮೀಸೆ ತೀಡಿರ್ತೀರಲ್ಲ, ಅದು ಒಣ ಜಂಭ. ಒಣ ಡಬ್ಬಕ್ಕೆ ಹಾಕಿ."

"ಆಮೇಲೆ ನಾನು? ನನ್ನ ಯಾವುದಕ್ಕೆ ಹಾಕ್ತೀಯೇ?"

"ನಿಮ್ಮನ್ನ ಎಲ್ಲಿ ಎಸೆಯೋಕಾಗುತ್ತೆ?" ಹರಿದ ತೋಳಿನ ಅಂಗಿಯನ್ನು ಬಿಚ್ಚಿಕೊಡಿ ಎಂಬಂತೆ ಕೈ ಚಾಚುತ್ತಾ ಟೈಲರಮ್ಮ ಹೇಳಿದರು. "ತೇಪೆ ಹಾಕಿ ಹಾಕಿ ಮರುಬಳಕೆ ಮಾಡ್ಕೊಂಡೇ ಬಂದಿದ್ದೀನಿ!"