ಜೀಪಿಗೆ ಹಲ್ಲಿನ ಟೈರು ಹಾಕಿಸಿದ್ದು

ಹೆಮ್ಮೆಪಡಲು ಮನುಷ್ಯನಿಗೆ ಇಂಥದ್ದೇ ವಸ್ತು ಬೇಕೆಂಬ ನಿಯಮವೇನೂ ಇಲ್ಲ. ಕೆಲವರಿಗೆ ಮೀಸೆ ಸಾಕು. ಕೆಲವರಿಗೆ ಮಗಳ ಮದುವೆಗೆ ಮಂತ್ರಿಯೊಬ್ಬರು ಬಂದು ಅಕ್ಷತೆ ಹಾಕಿ ಹೋದದ್ದು ಸಾಯುವವರೆಗೂ ಸಾಕು. ನಮ್ಮ ಬೀದಿಯಲ್ಲಿ ಒಬ್ಬರು ತಮಗೆ ಬಂದಿದ್ದ ಸಕ್ಕರೆ ಕಾಯಿಲೆಯ ಬಗ್ಗೆಯೇ ಹೆಮ್ಮೆ ಪಡುತ್ತಿದ್ದರು. ಉಂಡುಟ್ಟು ಸುಖವಾಗಿರುವವರಿಗೆ ಮಾತ್ರ ಬರುವ ಕಾಯಿಲೆಯೆಂದು ಯಾರೋ ಅವರಿಗೆ ಹೇಳಿದ್ದರಂತೆ. ನನ್ನ ವಿಷಯವನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ನನಗೆ ಮೀಸೆ ಸರಿಯಾಗಿ ಬರಲಿಲ್ಲ, ಮಂತ್ರಿಗಳ ಪರಿಚಯವಿರಲಿಲ್ಲ, ಸಕ್ಕರೆಯೂ ಸರಿಯಾಗಿಯೇ ಇತ್ತು. ನಾನು ಬದುಕಿನಲ್ಲಿ ಎದೆಯುಬ್ಬಿಸಿ ನಡೆದದ್ದು ನಾಲ್ಕು ಟೈರುಗಳ ದೆಸೆಯಿಂದ.

ಆಗ ನಾನು ದಾವಣಗೆರೆಯಲ್ಲಿ ದನದ ಡಾಕ್ಟರು. ಸರಕಾರ ನನಗೊಂದು ಜೀಪು ಕೊಟ್ಟಿತ್ತು. ಮಿಲಿಟರಿಯಲ್ಲಿ ದುಡಿದು, ಯಾವುದೋ ಹರಾಜಿನಲ್ಲಿ ಇಲಾಖೆಯ ಪಾಲಿಗೆ ಬಂದ ಗಾಡಿ. ಎಂಜಿನ್ ಭೀಮಬಲದ್ದು, ಒಂದು ಕಡ್ಡಿ ಎಳೆದರೆ ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುತ್ತಿತ್ತು. ಆದರೆ ಟೈರುಗಳು ಮಾತ್ರ ಡಾಂಬರು ರಸ್ತೆಯವು, ಅವೂ ಸವೆದು ಅಂಗೈಯಷ್ಟು ನುಣುಪಾಗಿದ್ದವು. ಪೂನಾ-ಬೆಂಗಳೂರು ರಸ್ತೆಯಲ್ಲಿ ಓಡಾಡುವುದಕ್ಕೆ ಅವು ಸಾಕು. ಆದರೆ ಎಮ್ಮೆಗಳು ಪೂನಾ-ಬೆಂಗಳೂರು ರಸ್ತೆಯಲ್ಲಿ ಈಯುವುದಿಲ್ಲವಲ್ಲ!

ಭಾನುವಳ್ಳಿಯಿಂದ ಒಳಗೆ ಎರಡು ಮೈಲಿ ಹೋದರೆ ಹಾಲಪ್ಪನೆಂಬ ರೈತನ ತೋಟದ ಮನೆ. ನಡುವೆ ಇರುವುದೆಲ್ಲ ಎರೆ ಭೂಮಿ. ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರುಕು; ಒಂದು ಹದ ಮಳೆ ಬಿತ್ತೆಂದರೆ ಮೆಟ್ಟಿದ ಕೆರವನ್ನು ಬಿಟ್ಟೇ ಬರಬೇಕು. ಹಿಂದಿನ ವರ್ಷ ಆರಿದ್ರಾ ಮಳೆ ಹಿಡಿದಾಗ ಅವನ ಎಮ್ಮೆಗೆ ಕರು ಅಡ್ಡವಾಗಿದೆಯೆಂದು ಕರೆ ಬಂತು. ಹೊರಟೆ. ಅರ್ಧ ದಾರಿಯಲ್ಲಿ ಗಾಡಿ ಹೂತಿತು. ಎರಡು ಚಕ್ರ ಸುಮ್ಮನೆ ಗಿರ್ರನೆ ತಿರುಗುತ್ತಿದ್ದವು. ನಾನು ಧೈರ್ಯವಾಗಿ ಕಡ್ಡಿ ಎಳೆದೆ. ಆಮೇಲೆ ನಾಲ್ಕೂ ಸುಮ್ಮನೆ ತಿರುಗಿದವು. ಒಂದು ಗಂಟೆ ಹೆಣಗಾಡಿ, ಕೊನೆಗೆ ಪಂಚೆ ಎತ್ತಿ ಕಟ್ಟಿದವನಂತೆ ಪ್ಯಾಂಟು ಮಡಿಸಿ ನಡೆದುಹೋಗಿ ಮುಟ್ಟುವಷ್ಟರಲ್ಲಿ ಕರು ಹೋಗಿತ್ತು. ಎಮ್ಮೆ ಉಳಿಯಿತು. ಹಾಲಪ್ಪ ಕಾಲಿಗೆ ನೀರು ಕೊಟ್ಟ, ಕುಡಿಯಲು ಮಜ್ಜಿಗೆ ಕೊಟ್ಟ. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಮರೆಯುತ್ತಿದ್ದೆ. ಆ ಮಜ್ಜಿಗೆ ಮಾತ್ರ ಬಹಳ ದಿನ ಗಂಟಲಲ್ಲೇ ನಿಂತಿತ್ತು. ಅವನ ಎಮ್ಮೆ ಇನ್ನೊಮ್ಮೆ ಈಯುವಾಗ ನಾನು ಹೊತ್ತಿಗೆ ಸರಿಯಾಗಿ ಅಲ್ಲಿರಬೇಕೆಂದು ಅಂದೇ ನಿಶ್ಚಯಿಸಿದೆ.

ನಿಶ್ಚಯಿಸಿದ್ದು ನಾನು, ಟೈರು ಕೊಡಬೇಕಾದ್ದು ಸರಕಾರ. ಕೆಸರಿಗೆಂದೇ ಬೇರೆ ಟೈರುಗಳಿವೆ, ಮೈತುಂಬ ಬೆರಳು ಗಾತ್ರದ ಹಲ್ಲುಗಳಿರುತ್ತವೆ ಎಂದು ಕೇಳಿದ್ದೆ. ಅರ್ಜಿ ಬರೆದೆ. ಈಗಿರುವ ಟೈರಿಗೇನಾಗಿದೆಯೆಂದು ಕೇಳಿದರು. ಬರೆದೆ. ಎರೆ ಭೂಮಿ ಎಂದರೇನೆಂದು ಮೇಲಿನವರೊಬ್ಬರು ಕೇಳಿದರು. ಅವರು ಎಲ್ಲಿಯವರೋ ಪಾಪ. ಅದನ್ನೂ ಎರಡು ಪುಟ ಬರೆದೆ. ಹದಿನಾಲ್ಕು ತಿಂಗಳಾದ ಮೇಲೆ, ಹರಿಹರದ ರೈಲ್ವೆ ಸ್ಟೇಷನ್ನಿಗೆ ನನ್ನ ಹೆಸರಿನಲ್ಲಿ ನಾಲ್ಕು ಟೈರು ಬಂದು ಇಳಿದವು. ಗೋಣಿ ಸುತ್ತಿದ್ದನ್ನು ಬಿಚ್ಚಿ ನೋಡಿದೆ. ಆ ಹಲ್ಲುಗಳನ್ನು ಕಂಡು ನನಗಾದ ಸಂತೋಷ ನನ್ನ ಮಗನಿಗೆ ಮೊದಲ ಹಲ್ಲು ಬಂದಾಗಲೂ ಆಗಿರಲಿಲ್ಲ. ಇದನ್ನು ನಮ್ಮ ಮನೆಯವಳಿಗೆ ನಾನು ಹೇಳಿಲ್ಲ.

ಹರಿಹರದಲ್ಲಿ ಹುಸೇನ್ ಸಾಬರ ಟೈರ್ ಅಂಗಡಿ. ಸಾಬರು ಎಂಥ ಚಕ್ರವನ್ನಾದರೂ ಎರಡು ಕಬ್ಬಿಣದ ಪಟ್ಟಿ, ಒಂದು ಸುತ್ತಿಗೆಯಲ್ಲಿ ಬಿಚ್ಚಿ ಕೂಡಿಸುವವರು. ಹಳೆಯ ಟೈರನ್ನು ತುಳಿದು, ಪಟ್ಟಿ ಕೊಟ್ಟು ಮೀಟಿ, ಟ್ಯೂಬನ್ನು ಹಸುಗೂಸಿನಂತೆ ಹೊರಗೆಳೆದು, ಪೌಡರು ಹಚ್ಚಿ ಹೊಸ ಟೈರಿನೊಳಗೆ ಮಲಗಿಸುತ್ತಿದ್ದರು. ಅವರ ಪಾಡಿಗೆ ಅವರನ್ನು ಬಿಟ್ಟಿದ್ದರೆ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಆದರೆ ಹದಿನಾಲ್ಕು ತಿಂಗಳು ಟೈರಿನ ಬಗ್ಗೆ ಬರೆದವನು ನಾನು, ಸುಮ್ಮನಿರುವುದು ಹೇಗೆ? ಹಲ್ಲುಗಳ ಸಾಲು ಯಾವ ದಿಕ್ಕಿಗೆ ತಿರುಗಿರಬೇಕೆಂಬುದರ ಬಗ್ಗೆ ಅವರಿಗೊಂದು ಪಾಠ ಹೇಳಿದೆ. ಸಾಬರು ನನ್ನನ್ನೊಮ್ಮೆ ನೋಡಿ, "ಆತ್ರಿ ಡಾಕ್ಟರ್ ಸಾಬ್, ನೀವು ಹೇಳ್ದಂಗೇ ಆಗ್ಲಿ," ಎಂದು ಹಾಕಿದರು. ನಾಲ್ಕೂ ಮುಗಿದ ಮೇಲೆ ದೂರ ನಿಂತು ನೋಡಿದರೆ ನಾಲ್ಕೂ ಹಿಂದುಮುಂದಾಗಿದ್ದವು. ಸಾಬರು ಒಂದು ಬೀಡಿ ಸೇದಿ, ಮತ್ತೆ ಮೊದಲಿನಿಂದ ಬಿಚ್ಚಿದರು. ನಾನು ತುಂಗಭದ್ರೆಯನ್ನು ನೋಡಿಕೊಂಡು ಬರುತ್ತೇನೆಂದು ಹೇಳಿ ಅತ್ತ ಹೋದೆ.

ಬಿಚ್ಚಿದ ಹಳೆಯ ನಾಲ್ಕು ಟೈರುಗಳನ್ನು ಎಸೆಯುವ ಹಾಗಿಲ್ಲ. ಸರಕಾರದ ವಸ್ತು ಸತ್ತರೆ ಹೆಣವನ್ನು ತೋರಿಸಬೇಕು. ಸ್ಟೋರಿನ ಸಾಹೇಬರು ಕಣ್ಣಾರೆ ಕಂಡು, 'ಕಂಡಮ್' ಎಂದು ಬರೆದು ಸಹಿ ಹಾಕಬೇಕು. ಅವರು ರಜೆಯ ಮೇಲೆ ಊರಿಗೆ ಹೋಗಿದ್ದರು. ಎಲ್ಲಾದರೂ ಇಟ್ಟರೆ, ಕಳವಾದರೆ, ಇನ್ನೊಂದು ಹದಿನಾಲ್ಕು ತಿಂಗಳು ಬರೆಯಬೇಕಾದೀತೆಂದು ಹೆದರಿ, ನಾಲ್ಕನ್ನೂ ಜೀಪಿನ ಹಿಂಬದಿಯಲ್ಲೇ ಹೇರಿ ಹಗ್ಗ ಬಿಗಿದೆ. ಜಾಗ ಸಾಲದೆ ಅಲ್ಲಿದ್ದ ಔಷಧದ ಪೆಟ್ಟಿಗೆಯನ್ನು ಮನೆಗೆ ತಂದು ಮಂಚದ ಕೆಳಗಿಟ್ಟೆ.

ಆಮೇಲಿನ ಒಂದು ವಾರ ನನ್ನ ಬಾಳಿನ ಸುವರ್ಣಕಾಲ. ಹಲ್ಲಿನ ಟೈರು ಡಾಂಬರಿನ ಮೇಲೆ ಓಡುವಾಗ ಗುಂಯ್ ಎಂದು ಒಂದು ಸದ್ದು ಬರುತ್ತದೆ. ಎರಡು ಬೀದಿ ಆಚೆಗೂ ಕೇಳುತ್ತದೆ. ನನಗೆ ಮಂಡಿಪೇಟೆಯಲ್ಲಿ ಏನೂ ಕೆಲಸವಿರಲಿಲ್ಲ. ದಿನಕ್ಕೆರಡು ಸಲ ಹೋಗಿಬಂದೆ. ಮಂಡಕ್ಕಿ ಅಂಗಡಿಯ ಮುಂದೆ ನಿಲ್ಲಿಸಿ, ಕೇಳಿದವರಿಗೂ ಕೇಳದವರಿಗೂ ಟೈರಿನ ಗುಣಗಾನ ಮಾಡಿದೆ. ಸಂಜೆ ಮನೆಗೆ ಬಂದು ಹಲ್ಲುಗಳ ಸಂದಿಯ ಧೂಳನ್ನು ಒರೆಸಿ, ಪೂಜೆ ಮಾಡಿ ಹಚ್ಚಿದ್ದ ಅರಿಸಿನ ಕುಂಕುಮ ಮಾಸದಂತೆ ನೋಡಿಕೊಂಡೆ. ನಮ್ಮ ಮನೆಯವಳು ಬಾಗಿಲಲ್ಲಿ ನಿಂತು ಎರಡು ದಿನ ನೋಡಿ, ಮೂರನೆಯ ದಿನ, "ಕೆಸರಿಗೆ ಅಂತ ತಂದ ಟೈರನ್ನ ಒಣಬಟ್ಟೇಲಿ ಒರೆಸ್ತಾರೇನ್ರಿ?" ಎಂದಳು. ಹೆಂಗಸರಿಗೆ ಯಂತ್ರಗಳ ವಿಷಯ ತಿಳಿಯದೆಂದು ಸುಮ್ಮನಾದೆ. ಉತ್ತರ ಹೊಳೆಯದಿದ್ದಾಗಲೆಲ್ಲ ನಾನು ಹೀಗೆಯೇ ಸುಮ್ಮನಾಗುವುದು.

ಅಷ್ಟರಲ್ಲಿ ಚಿತ್ತೆ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ಹಾಲಪ್ಪನ ಭಾವಮೈದುನ ಬಂದು, ಎಮ್ಮೆ ಈಯುವುದಿದೆ, ಬರಬೇಕಂತೆ ಎಂದ. ನಾನು ಉಪ್ಪಿಟ್ಟಿನ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹರಿಹರ, ಭಾನುವಳ್ಳಿ ದಾಟಿ ಎರೆಗೆ ಇಳಿದೆ. ಕಡ್ಡಿ ಎಳೆದೆ. ಅಬ್ಬಾ, ಆ ಟೈರುಗಳು ಮಣ್ಣನ್ನು ಕಚ್ಚಿದ ರೀತಿಯೇ! ಎರೆ ಮುದ್ದೆ ಮುದ್ದೆಯಾಗಿ ತಲೆಯ ಮೇಲಿಂದ ಹಾರುತ್ತಿತ್ತು, ಗಾಡಿ ಮಾತ್ರ ನಿಲ್ಲಲಿಲ್ಲ. ಹೋದ ವರ್ಷ ಹೂತ ಜಾಗ ಬಂದಾಗ ಸ್ಟೀರಿಂಗನ್ನು ಎರಡು ಕೈಯಲ್ಲೂ ಬಿಗಿಹಿಡಿದೆ. ಅದನ್ನೂ ದಾಟಿತು. ಆಗ ನನ್ನ ಕಣ್ಣಲ್ಲಿ ನೀರು ಬಂತು. ಕೆಸರು ಸಿಡಿದದ್ದೆಂದು ಪಕ್ಕದವನಿಗೆ ಹೇಳಿದೆ.

ಅಂಗಳದಲ್ಲಿ ನಿಲ್ಲಿಸಿ ಇಳಿದಾಗ ನಾಲ್ಕಾರು ಜನ ಸುತ್ತ ಸೇರಿದರು. ನಾನು ಅವಸರದಿಂದ ಕೊಟ್ಟಿಗೆಗೆ ನುಗ್ಗಿದೆ. ಎಮ್ಮೆ ನಿಶ್ಚಿಂತೆಯಾಗಿ ಮೆಲುಕು ಹಾಕುತ್ತಿತ್ತು. ಹಾಲಪ್ಪ ಸಂಕೋಚದಿಂದ, "ಇನ್ನಾ ಬ್ಯಾನಿ ಹತ್ತಿಲ್ರಿ. ಹೋದ ಸಲ ನಿಮಗ ಬರಾಕ ತಡ ಆಗಿತ್ತಲ್ರಿ, ಅದಕ್ಕ ಈ ಸಲ ಮೊದ್ಲೇ ಹೇಳಿ ಕಳಿಸೀನಿ," ಎಂದ. ನನ್ನ ಟೈರುಗಳ ವೇಗಕ್ಕೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಆದರೂ ಬಂದದ್ದು ಬಂದೆ, ಪರೀಕ್ಷಿಸೋಣವೆಂದು ಗತ್ತಿನಿಂದ ಜೀಪಿನ ಹಿಂದಕ್ಕೆ ಹೋಗಿ ಪೆಟ್ಟಿಗೆಗೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಬೋಳು ಟೈರು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೆರಡು.

ಪೆಟ್ಟಿಗೆ ಮಂಚದ ಕೆಳಗಿತ್ತು. ಹಾಲಪ್ಪ ಟೈರುಗಳನ್ನೂ ನನ್ನನ್ನೂ ನೋಡುತ್ತಿದ್ದ. ನಿಜ ಹೇಳುವ ಬದಲು, ಮುಖ್ಯವಾದ ಸಾಮಾನೊಂದು ಬೇಕಾಗಿದೆ, ಇಗೋ ಹೋಗಿ ಅಗೋ ಬಂದೆ ಎಂದೆ. ಈ ಕೆಸರಿನಲ್ಲಿ ಮತ್ತೆ ದಾವಣಗೆರೆಗೇ ಎಂದು ಅವನು ಬಾಯಿ ತೆರೆದ. ಈ ಟೈರುಗಳಿಗೆ ಅದೇನು ಮಹಾ ಎಂದು ಹೇಳುವಾಗ, ನಾಚಿಕೆಯ ನಡುವೆಯೂ ನನಗೆ ಹೆಮ್ಮೆಯೇ ಆಯಿತು. ಮತ್ತೆ ಎರೆ ದಾಟಿದೆ. ಮನೆಯ ಬಾಗಿಲಲ್ಲೇ ನಮ್ಮವಳು ಪೆಟ್ಟಿಗೆ ಹಿಡಿದು ನಿಂತಿದ್ದಳು. ನಾನು ಹೊರಟಾಗಲೇ ಕೂಗಿದ್ದಳಂತೆ. ಟೈರಿನ ಸದ್ದಿನಲ್ಲಿ ನನಗೆ ಕೇಳಿಸಿರಲಿಲ್ಲ. ತಿರುಗಿ ಓಡಿದೆ. ದಾರಿಯುದ್ದಕ್ಕೂ, ಈಗ ಏನಾದರೂ ಹೆಚ್ಚುಕಮ್ಮಿಯಾದರೆ ಹಾಲಪ್ಪನಿಗೆ ಯಾವ ಮುಖ ತೋರಿಸಲಿ ಎಂಬ ಒಂದೇ ಯೋಚನೆ. ಭಾನುವಳ್ಳಿಯ ಹತ್ತಿರ ನಾನು ದೇವರಿಗೆ ಹರಕೆಯನ್ನೂ ಹೊತ್ತೆ.

ಮೂರನೆಯ ಸಲ ಎರೆ ದಾಟಿ ಮುಟ್ಟಿದಾಗ ಎಮ್ಮೆ ನೆಲ ಹಿಡಿದು ನರಳುತ್ತಿತ್ತು. ಮುಂಗಾಲುಗಳು ಕಾಣಿಸಿದ್ದವು, ತಲೆ ಬಂದಿರಲಿಲ್ಲ. ಹಾಲಪ್ಪನ ಮುಖ ಹೋದ ವರ್ಷದ ಹಾಗೇ ಇತ್ತು. ಪೆಟ್ಟಿಗೆ ತೆರೆದು, ಸೋಪು ತೆಗೆದು, ಮೊಣಕೈ ಮೇಲಿನವರೆಗೂ ಕೈ ತೊಳೆದು ಕೂತೆ. ಒಳಗೆ ಕರು ಕತ್ತು ಹಿಂದಕ್ಕೆ ತಿರುಗಿಸಿಕೊಂಡಿತ್ತು. ಕಾಲನ್ನು ಮೆಲ್ಲಗೆ ಹಿಂದೆ ತಳ್ಳಿ, ಮೂತಿ ಸಿಗುವವರೆಗೆ ತಡಕಿ, ಬೆರಳು ಸೋತರೂ ಬಿಡದೆ ತಲೆಯನ್ನು ದಾರಿಗೆ ತಂದೆ. ಆಮೇಲೆ ಎಮ್ಮೆ ತಿಣುಕಿತು, ನಾನೂ ಹಾಲಪ್ಪನೂ ಎಳೆದೆವು. ಕರು ಹುಲ್ಲಿನ ಮೇಲೆ ಬಿದ್ದು ಒಂದು ಕ್ಷಣ ಸುಮ್ಮನಿದ್ದು, ಸೀನಿತು. ಹೆಣ್ಣು ಕರು. ಹಾಲಪ್ಪ ಅದನ್ನು ಒರೆಸುತ್ತ ಅಳುತ್ತಿದ್ದ, ನಗುತ್ತಲೂ ಇದ್ದ. ಅಂಥ ಹೆಮ್ಮೆ ನನಗೆ ಮತ್ತೆಂದೂ ಆಗಿಲ್ಲ.

ಕೈ ತೊಳೆಯುತ್ತ ನಾನು ಟೈರುಗಳ ಕಡೆ ತೋರಿಸಿ, ಇವು ಇಲ್ಲದಿದ್ದರೆ ಪೆಟ್ಟಿಗೆ ಹೇಗೆ ಬರುತ್ತಿತ್ತು, ಕರು ಹೇಗೆ ಉಳಿಯುತ್ತಿತ್ತು ಎಂದು ಸೇರಿದ್ದವರಿಗೆ ವಿವರಿಸಿದೆ. ಎಲ್ಲರೂ ಹೋಗಿ ಟೈರುಗಳನ್ನು ಮುಟ್ಟಿ ನೋಡಿದರು. ಹಾಲಪ್ಪ ಮಾತ್ರ ತೆರೆದೇ ಇದ್ದ ಪೆಟ್ಟಿಗೆಯ ಮುಂದೆ ನಿಂತಿದ್ದ. ಒಳಗೆ ಸೀಸೆ, ಸಿರಿಂಜು, ಕತ್ತರಿ, ಕೊಕ್ಕೆ ಎಲ್ಲ ಇಟ್ಟಲ್ಲೇ ಇದ್ದವು. ಅವನು ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದಂತೆ, ಬಹಳ ಮರ್ಯಾದೆಯಿಂದ ಹೇಳಿದ:

"ಡಾಕ್ಟ್ರೆ, ಸೋಪು ನಮ್ಮನ್ಯಾಗೂ ಇತ್ತಲ್ರಿ."

ಸಂಜೆ ಮನೆಗೆ ಬಂದು ಜೀಪಿನ ಲಾಗ್ ಪುಸ್ತಕ ತೆರೆದೆ. ದಾವಣಗೆರೆಯಿಂದ ಹೋಗಿಬಂದದ್ದು ಎರಡು ಸಲ, ಎರೆ ದಾಟಿದ್ದು ನಾಲ್ಕು ಸಲ, ಒಮ್ಮೆಯೂ ಹೂತಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಪಕ್ಕದಲ್ಲಿ ಎರಡನೆಯ ಪ್ರಯಾಣದ ಉದ್ದೇಶ ಬರೆಯಲು ಒಂದು ಖಾಲಿ ಜಾಗವಿತ್ತು. ಅಲ್ಲಿ, 'ಅತ್ಯಗತ್ಯ ವೈದ್ಯಕೀಯ ಸಾಮಗ್ರಿ ತರಲು' ಎಂದು ಬರೆದು ಸಹಿ ಹಾಕಿದೆ.