ಬೀಗರ ಎದುರು ಬೀಗಿದ ಬಾಗಿಲು

"ಇವತ್ತು ನಮ್ಮ ಬೀಗರು ನನ್ನ ಬಾಗಿಲು ನೋಡಿ ಮೂಗಿನ ಮೇಲೆ ಬೆರಳಿಡಬೇಕು! ಇಡಿಸಲಿಲ್ಲ ಅಂದ್ರೆ ನಾಳೆಯಿಂದ ನಾನು ಉಳಿ ಮುಟ್ಟೋನೇ ಅಲ್ಲ!"

ಬಡಗಿ ಮೇಸ್ತ್ರಿ ಕನ್ನಡಿಯ ಮುಂದೆ ಮೀಸೆ ತಿರುವುತ್ತ ಹೀಗೆ ಶಪಥ ಮಾಡುವಾಗ, ಅವನ ಹೆಂಡತಿ ಬಚ್ಚಲ ಬಾಗಿಲಿಗೆ ಭುಜ ಕೊಟ್ಟು ನೂಕುತ್ತಿದ್ದಳು.

"ರೀ, ಮೊದಲು ಈ ಬಾಗಿಲು ನೋಡ್ರೀ. ನೀರು ಕುಡಿದು ಉಬ್ಬಿ ಕೂತಿದೆ."

"ನಾಳೆ ನೋಡೋಣ ಬಿಡೇ."

"ಮರ ನೀರು ಕುಡಿದು ಉಬ್ಬತ್ತೆ, ನೀವು ಹೊಗಳಿಕೆ ಕುಡಿದು ಉಬ್ತೀರಿ. ಇಬ್ಬರನ್ನೂ ಕೆತ್ತೋರು ಯಾರು?"

ಮೇಸ್ತ್ರಿಯ ಕಿವಿಗೆ ಅದೆಲ್ಲ ಬೀಳುವ ಹೊತ್ತಲ್ಲ. ಮಗಳನ್ನು ಕೊಟ್ಟ ಮನೆಯ ಬೀಗರು ಹೊಸ ಮನೆ ಕಟ್ಟಿಸುತ್ತಿದ್ದರು. ಬಾಗಿಲುಗಳ ಕೆಲಸ ಯಾರಿಗೆ ಕೊಡುವುದೆಂದು ಇನ್ನೂ ಅಳೆದು ಸುರಿಯುತ್ತಿದ್ದರು. ಕಾರ್ಖಾನೆ ಬಾಗಿಲು ಮಾರುವವನೊಬ್ಬ ಆಗಲೇ ಅವರ ಕಿವಿ ಊದಿದ್ದ. ಅಂಥ ಹೊತ್ತಿನಲ್ಲೇ ಒಂದು ನಾಟಕ ತಂಡ ಮೇಸ್ತ್ರಿಯಿಂದ ರಂಗಕ್ಕೊಂದು ಬಾಗಿಲು ಮಾಡಿಸಿತ್ತು. ಕಥೆ ವಿವರಿಸಲು ಬಂದ ನಿರ್ದೇಶಕನಿಗೆ "ಕಥೆ ನಿಮಗಿರಲಿ ಸ್ವಾಮಿ, ಅಳತೆ ಹೇಳಿ" ಎಂದು ಬಾಯಿ ಮುಚ್ಚಿಸಿ, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ತೆರೆಯುವ ಬಾಗಿಲನ್ನು ಮಾಡಿಕೊಟ್ಟಿದ್ದ. ಅದನ್ನು ಬೀಗರಿಗೆ ತೋರಿಸಿಬಿಟ್ಟರೆ ಕೆಲಸ ಕೈಸೇರಿದಂತೆಯೇ!

ರಂಗಮಂದಿರದ ಮುಂದಿನ ಸಾಲಿನಲ್ಲಿ ಬೀಗರನ್ನು ನಡುವೆ ಕೂರಿಸಿಕೊಂಡು ಗಂಡಹೆಂಡಿರು ಅಕ್ಕಪಕ್ಕ ಕೂತರು. ಪರದೆ ಸರಿಯಿತು. ಬಾಗಿಲು ಮದುಮಗನ ಹಾಗೆ ಮಿರಮಿರ ಮಿಂಚುತ್ತಿತ್ತು. ನಾಯಕಿ ಬಂದಳು, ಹಿಡಿ ಹಿಡಿದು ನೂಕಿದಳು. ಬಾಗಿಲು ಜಪ್ಪಯ್ಯ ಅಂದರೂ ಕದಲಲಿಲ್ಲ!

"ಅಯ್ಯೋ, ನನ್ನ ಗಂಡ ಒಳಗೆ ಸಿಕ್ಕಿಹಾಕ್ಕೊಂಡಿದ್ದಾರೆ! ನಿಮ್ಮಲ್ಲಿ ಯಾರಾದ್ರೂ ಬಂದು ಈ ಬಾಗಿಲು ತೆಗೀತೀರಾ?"

ನೋಡಲು ಬಂದವರನ್ನೇ ಮೇಲೆ ಕರೆದು ಆಡಿಸುವ ನಾಟಕ ಅದು. ಬಾಗಿಲು ಕಚ್ಚಿಕೊಳ್ಳುವುದೇ ಅದರ ಕಥೆ. ಇಡೀ ಸಭೆಗೆ ಇದು ಚಿಟಿಕೆ ಹೊಡೆಯುವಷ್ಟರಲ್ಲಿ ತಿಳಿಯಿತು, ಮೇಸ್ತ್ರಿಯೊಬ್ಬನನ್ನು ಬಿಟ್ಟು! ಒಬ್ಬ ದರ್ಜಿ ಮೇಲೆ ಹೋಗಿ ಬಾಗಿಲಿನ ಸೊಂಟದ ಅಳತೆ ತೆಗೆದ. ಶಾಲೆಯ ಮೇಡಮ್ಮೊಬ್ಬರು ಬೆರಳೆತ್ತಿ "ತೆರ್ಕೊಳ್ತೀಯೋ, ನಿಮ್ಮಪ್ಪನ್ನ ಕರೆಸ್ಲೋ?" ಎಂದು ಬಾಗಿಲನ್ನೇ ಗದರಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಒಂದೊಂದು ನಗುವೂ ಮೇಸ್ತ್ರಿಯ ಎದೆಗೆ ಒಂದೊಂದು ಮೊಳೆ!

ಬೀಗರು ಹೊಟ್ಟೆ ಹಿಡಿದುಕೊಂಡು ಕೇಳಿದರು: "ಬೀಗರೇ, ಇದು ನೀವೇ ಮಾಡಿದ್ದಾ?"

ಬಾಗಿಲಿನ ಅಪ್ಪ ದಿಗ್ಗನೆ ಎದ್ದುಬಿಟ್ಟ! ಹೆಂಡತಿ ಬೀಗರ ಆಚೆಯಿಂದಲೇ ಕೈಚಾಚಿ ಅಂಗಿ ಜಗ್ಗಿದಳು.

"ರೀ, ಕೂತ್ಕೊಳ್ರೀ! ಅದು ನಾಟಕ!"

"ನಾಟಕ ಅವರದು. ಬಾಗಿಲು ನಂದು!"

ಮೇಲೇರಿ ನೋಡುತ್ತಾನೆ, ಚೌಕಟ್ಟಿನ ಸಂದಿಯಲ್ಲಿ ಒಂದು ಮರದ ಬೆಣೆ! "ಯಾವನೋ ಅಡ್ಡಕಸಬಿ ನನ್ನ ಬಾಗಿಲಿಗೆ ಬೆಣೆ ತುರುಕಿದಾನೆ!" ಎಂದು ಗುಡುಗಿ, ಎಲ್ಲಿಗೆ ಹೋದರೂ ಜೇಬಿನಲ್ಲಿರುವ ಪುಟ್ಟ ಉಳಿಯನ್ನು ಹೊರಗೆಳೆದ.

"ದಮ್ಮಯ್ಯ ಯಜಮಾನ್ರೇ, ತೆಗೀಬೇಡಿ," ನಾಯಕಿ ಪಿಸುಗುಟ್ಟಿದಳು.

"ಹೆದರ್ಬೇಡ ತಾಯಿ. ನಿನ್ನ ಗಂಡನ್ನ ನಿನ್ನ ಕೈಗೆ ಒಪ್ಪಿಸೇ ಹೋಗೋದು!"

ಬೆಣೆ ಹಾರಿತು, ಬಾಗಿಲು ತೆರೆಯಿತು. ಒಳಗೆ ನಾಯಕ ಬನಿಯನ್ನಿನಲ್ಲಿ ಕೂತು, ಬಾಳೆಹಣ್ಣು ತಿನ್ನುತ್ತ, ನಡುನಡುವೆ "ಕಾಪಾಡೀ" ಎಂದು ಕೂಗುತ್ತಿದ್ದ!

"ಏನ್ರೀ ಇದು? ಇಷ್ಟು ಬೇಗ ತೆಗೆದ್ರೆ ನಾನು ಮುಂದೇನು ಮಾಡ್ಲಿ?"

ಸೂರು ಹಾರಿಹೋಗುವಷ್ಟು ನಗು! ನಾಯಕಿ ಬಾಗಿಲೆಳೆದು "ಅಯ್ಯೋ, ಮತ್ತೆ ಕಚ್ಕೊಳ್ತು!" ಎಂದಳು. ಮೇಸ್ತ್ರಿ ಕಿರುಬೆರಳಲ್ಲಿ ತೆರೆದು "ಎಲ್ಲಿ ಕಚ್ಕೊಂಡಿದೆ?" ಎಂದ. ನಾಯಕ ಒಳಗಿನಿಂದ ಮುಚ್ಚಿದ, ಇವನು ತೆರೆದ. ಅವರು ಮುಚ್ಚಿದಷ್ಟೂ ಇವನು ತೆರೆದ. ಕೊನೆಗೆ ನಾಟಕವೇ ಅದಾಯಿತು! ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಷ್ಟೂ ಚಪ್ಪಾಳೆ ಬಾಗಿಲಿಗೇ ಸಂದದ್ದೆಂದು ಮೇಸ್ತ್ರಿ ಕೈಮುಗಿದ. ನಿರ್ದೇಶಕ ಮಾತ್ರ ಸದ್ದಿಲ್ಲದೆ ಅವನ ಉಳಿಯನ್ನು ಎತ್ತಿಟ್ಟುಕೊಂಡಿದ್ದ.

ಬೀಗರು ಕಣ್ಣೊರೆಸಿಕೊಂಡರು. "ಬಾಗಿಲು ಅಂದ್ರೆ ಇದು ಬೀಗರೇ! ಕೆಲಸ ನಿಮಗೇ. ನಡೀರಿ, ನಿಮ್ಮ ಮನೇಲೇ ಕೂತು ಮಾತು ಮುಗಿಸೋಣ."

ಮೇಸ್ತ್ರಿ ಮನೆಗೆ ನಡೆದು ಬರಲಿಲ್ಲ, ತೇಲಿ ಬಂದ! ಹೆಂಡತಿ ಚಹಾಕ್ಕೆ ನೀರಿಟ್ಟಳು. ಬೀಗರು ಕಾಲು ತೊಳೆದು ಬರುತ್ತೇನೆಂದು ಎದ್ದರು. "ಅಲ್ಲಿ ಬೇಡ!" ಎಂದು ಅವಳು ಕೂಗುವಷ್ಟರಲ್ಲಿ ಬಚ್ಚಲ ಬಾಗಿಲು ಧಡ್ಡೆಂದಿತು.

ಸ್ವಲ್ಪ ಹೊತ್ತಿಗೆ ಒಳಗಿಂದ ನಗುವಿನ ದನಿ: "ನಿಮ್ಮಲ್ಲಿ ಯಾರಾದ್ರೂ ಬಂದು ಈ ಬಾಗಿಲು ತೆಗೀತೀರಾ?"

ಇನ್ನೂ ಸ್ವಲ್ಪ ಹೊತ್ತಿಗೆ ನಗುವಿಲ್ಲದ ದನಿ: "ಬೀಗರೇ, ನಿಜವಾಗ್ಲೂ ತೆಗೀರಿ!"

ಮೇಸ್ತ್ರಿ ಜೇಬು ತಡಕಿದ. ಉಳಿ ಇಲ್ಲ! ನೂಕಿದ, ಗುದ್ದಿದ, ಬೆವರು ಕಿತ್ತುಕೊಂಡು ಬಂತು. ಬಾಗಿಲು ಮಾತ್ರ ಅಲುಗಲಿಲ್ಲ.

"ಬಾಗಿಲ ಹೊರಗೆ ಬೀಗ ಇರೋದು ನೋಡಿದ್ದೆ," ಅಂದಳು ಹೆಂಡತಿ, "ಬಾಗಿಲ ಒಳಗೆ ಬೀಗರು ಇರೋದು ಇವತ್ತೇ ನೋಡಿದ್ದು! ಸರೀರಿ ಆಚೆ."

ದಿನಾ ಮಾಡುವ ಹಾಗೆ ಹಿಡಿಯನ್ನು ಮೇಲಕ್ಕೆತ್ತಿ, ಕೆಳಮೂಲೆಗೆ ಒಂದು ಒದೆ ಕೊಟ್ಟಳು. ಬಾಗಿಲು ಪಟಾರನೆ ಒಳಕ್ಕೆ ಹಾರಿತು. "ಅಮ್ಮಾ!" ಎಂದಿತು ಒಳಗಿನ ದನಿ.

ಬೀಗರು ಮುಖ ಹಿಡಿದುಕೊಂಡು ಹೊರಬಂದರು. "ಆಡಿದ ಮಾತಿಗೆ ತಪ್ಪೋದಿಲ್ಲ ಬೀಗರೇ, ಬಾಗಿಲೆಲ್ಲ ನೀವೇ ಮಾಡಿ. ಬಚ್ಚಲಿಗೆ ಮಾತ್ರ ಪರದೆ ಸಾಕು!"

ಮೇಸ್ತ್ರಿ ತಲೆ ತಗ್ಗಿಸಿದ. ಹೆಂಡತಿ ಅವನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ತಲೆ ಎತ್ತಿ ನೋಡ್ರೀ, ನಿಮ್ಮ ಶಪಥ ಗೆದ್ದಿದೆ. ಬೀಗರ ಬೆರಳು ಮೂಗಿನ ಮೇಲೇ ಇದೆ!"