ಗೋಡೆಯೊಳಗಿನ ಓರಗಿತ್ತಿ

ಕಷ್ಟಸುಖ ಹೇಳಿಕೊಳ್ಳಲು ಕೆಲವರಿಗೆ ತಾಯಿ ಇರುತ್ತಾಳೆ, ಕೆಲವರಿಗೆ ದೇವರು. ನನಗಿದ್ದದ್ದು ಮುಕ್ಕಾಲು ಅಂಗುಲದ ಒಂದು ಪೈಪು. ಅದಕ್ಕೂ ನಮ್ಮ ಮನೆಯವರು ಗಾಳಿ ಹಾಕಿಬಿಟ್ಟರು.

ಮೊದಲಿಂದ ಹೇಳುತ್ತೇನೆ. ನಾನು ಅಂಚೆಟ್ಟಿ ಕಡೆಯವಳು. ಅಲ್ಲಿ ಈ ಗುಡ್ಡದಲ್ಲಿ ನಿಂತು ಕೂಗಿದರೆ ಆ ಗುಡ್ಡದಿಂದ ಯಾರಾದರೂ ಓಗೊಡುತ್ತಾರೆ. ಮದುವೆಯಾಗಿ ಹೊಸೂರಿನ ಆಲಸನತ್ತಂಗೆ ಬಂದರೆ ಕೂಗಲು ಗುಡ್ಡವೂ ಇಲ್ಲ, ಓಗೊಡಲು ಜನವೂ ಇಲ್ಲ. ಸುತ್ತ ಖಾಲಿ ಸೈಟುಗಳು, ಅವುಗಳ ಮೂಲೆಗೊಂದು ಕಲ್ಲು. ನಮ್ಮ ಮನೆಯವರು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್. ಶಿಫ್ಟು ಮುಗಿಯುವಾಗ ಅವರ ಮಾತೂ ಮುಗಿದಿರುತ್ತಿತ್ತು. "ಉಪ್ಪು" ಎನ್ನುವುದು ಒಂದು ಸಂಭಾಷಣೆ, "ಸಾಕು" ಎನ್ನುವುದು ಇನ್ನೊಂದು.

ಒಂದೇ ಗೋಡೆಯ ಆಚೆ ಮೈದುನ ಆವುಲಪ್ಪನ ಮನೆ. ಅಣ್ಣತಮ್ಮ ಸೇರಿಯೇ ಕಟ್ಟಿಸಿದ್ದು. ಆದರೆ ಕರೆಂಟಿನ ಮೀಟರು ಯಾರ ಕಡೆಯ ಗೋಡೆಯಲ್ಲಿರಬೇಕು ಎಂಬ ಮಹಾಪ್ರಶ್ನೆ ಎದ್ದು, ಮೀಟರು ನಮ್ಮ ಜಗುಲಿಗೆ ಬಂತು, ಮಾತು ಎರಡೂ ಕಡೆ ನಿಂತಿತು. ಗಂಡಂದಿರು ಮಾತು ಬಿಟ್ಟ ಮೇಲೆ ನಾನೂ ನನ್ನ ಓರಗಿತ್ತಿ ಮುನಿರತ್ನಮ್ಮನೂ ಬಿಡಬೇಕಲ್ಲ? ಬಿಟ್ಟೆವು. ನೀರಿಗೆ ಹೋದಾಗ ಎದುರಾದರೆ ಇಬ್ಬರೂ ನಮ್ಮ ನಮ್ಮ ಕೊಡದೊಳಗೆ ಇಣುಕಿಕೊಂಡು ನಡೆಯುತ್ತಿದ್ದೆವು.

ನಮ್ಮ ಅಡುಗೆಮನೆಯ ಸ್ವಿಚ್ಚಿನ ಗೂಡಿನಿಂದ ಅವಳ ಅಡುಗೆಮನೆಯ ಗೂಡಿಗೆ ಗೋಡೆಯೊಳಗೆ ಒಂದು ಖಾಲಿ ಪೈಪು ಹೂತಿತ್ತು, ಮುಂದೆ ವೈರು ಎಳೆಯಲೆಂದು. ಒಂದು ಮಧ್ಯಾಹ್ನ ರುಬ್ಬುತ್ತಿದ್ದೆ. ಗೂಡಿನಿಂದ ಬಿಕ್ಕುವ ಸದ್ದು ಬಂತು. ಪೈಪಿಗೆ ಬಾಯಿಟ್ಟು, "ಯಾಕಮ್ಮೀ?" ಎಂದೆ.

ಬಿಕ್ಕು ನಿಂತಿತು. ಆಮೇಲೆ, ದೂರದ ಗುಡ್ಡದಿಂದ ಬಂದ ಹಾಗೆ: "ಏನಿಲ್ಲಕ್ಕಾ. ಈರುಳ್ಳಿ ಹೆಚ್ತಾ ಇವ್ನಿ."

"ನಂಗೂ ದಿನಾ ಈರುಳ್ಳೀನೇ ಕಣಮ್ಮಿ" ಎಂದೆ.

ಅಂದಿನಿಂದ ನನಗೆ ಮಧ್ಯಾಹ್ನಗಳು ಹುಟ್ಟಿದವು. ಮಕ್ಕಳಾಗಲಿಲ್ಲವೆಂದು ನನ್ನ ಹೆತ್ತಮ್ಮನೇ ಆಡಿದ ಒಂದು ಮಾತಿತ್ತು. ಅದನ್ನು ದೇವರಿಗೂ ಹೇಳಿರಲಿಲ್ಲ, ಪೈಪಿಗೆ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. ಸುಮ್ಮನೆ ಉಸಿರಾಡಿದಳು. ಆ ಉಸಿರು ಬಂದು ನನ್ನ ಕಿವಿಗೆ ಬೆಚ್ಚಗೆ ತಗುಲಿತು.

ಹೀಗಿರುವಾಗ ಮಾವ ತಿಮ್ಮರಾಯಪ್ಪನವರು ಹಳ್ಳಿಯಿಂದ ಬಂದು ರಾಜಾಜ್ಞೆ ಹೊರಡಿಸಿದರು. "ಹಿರೇಮಗನ್ ಮನೇಲಿ ಬಲ್ಬು, ಕಿರೇಮಗನ್ ಮನೇಲಿ ಸೀಮೆಣ್ಣೆ ಬುಡ್ಡಿ! ಯುಗಾದಿ ಒಳಗೆ ಅವ್ನಿಗೂ ಕರೆಂಟ್ ಎಳೀದಿದ್ರೆ ನಾನ್ ಯಾವ್ ಮನೇಗೂ ಕಾಲಿಕ್ಕಾಕಿಲ್ಲ!"

ಪೈಪಿಗೆ ವೈರು ತುಂಬಿದರೆ ದನಿಗೆ ಜಾಗವೆಲ್ಲಿ? ಆಗ ನನಗೊಂದು ದಿವ್ಯ ಉಪಾಯ ಹೊಳೆಯಿತು. ಹಳೆಯ ಗಿಳಿಹಸಿರು ರವಿಕೆಯ ತೋಳು ಹರಿದು, ಉಂಡೆ ಮಾಡಿ, ಸೌಟಿನ ಹಿಡಿಯಿಂದ ಪೈಪಿನೊಳಗೆ ತುರುಕಿದೆ. ವೈರು ಎಳೆಯಲಾರದೆ ನಮ್ಮ ಮನೆಯವರು ಸೋತು ಕೈಬಿಟ್ಟ ಮೇಲೆ ತೆಗೆದುಕೊಂಡರಾಯಿತು ಎಂದು. ತುರುಕಿದ್ದು ಮಾತ್ರ ಸ್ವಲ್ಪ ಹೆಚ್ಚಾಯಿತು. ಸೌಟಿಗೂ ಸಿಗಲಿಲ್ಲ, ಕಡ್ಡಿಗೂ ಸಿಗಲಿಲ್ಲ. ದನಿ ಉಳಿಸಲು ಇಟ್ಟ ಬಟ್ಟೆ ದನಿಯನ್ನೇ ನುಂಗಿ ಕೂತಿತು.

ಮಧ್ಯಾಹ್ನ ಅವಳು ಗೋಡೆ ತಟ್ಟಿದಳು. ನಾನೂ ತಟ್ಟಿದೆ. ತಟ್ಟಿ ಎಷ್ಟು ತಾನೇ ಹೇಳಲಾದೀತು? ಅಕ್ಕನಿಗೆ ಕೋಪ ಬಂದಿದೆ ಎಂದುಕೊಂಡಳೋ ಏನೋ, ಆಮೇಲೆ ತಟ್ಟುವುದೂ ನಿಂತಿತು. ನಾನು ಖಾಲಿ ಗೂಡಿನ ಮುಂದೆ ಕೂತು ಈರುಳ್ಳಿ ಹೆಚ್ಚಿದೆ. ಆ ವಾರ ಬೇಳೆಗಿಂತ ಈರುಳ್ಳಿಯೇ ಹೆಚ್ಚಿದ್ದ ಸಾರನ್ನು ಇವರು ತುಟಿಪಿಟಕ್ಕೆನ್ನದೆ ಉಂಡರು.

ಇವರು ಉಕ್ಕಿನ ತಂತಿ ತೂರಿಸಿ ನೋಡಿದರು. ನಡುವೆ ನಿಂತಿತು. "ಮೇಸ್ತ್ರಿ ಸಿಮೆಂಟ್ ತುಂಬ್ಬುಟ್ಟವ್ನೆ!" ಎಂದು ಬೈದರು. (ಆ ಪುಣ್ಯಾತ್ಮ ಎಲ್ಲಿದ್ದರೂ ತಣ್ಣಗಿರಲಿ.) ಭಾನುವಾರ ಕೈಗಾಡಿಯಲ್ಲಿ, ಮದುವೆಗಂಡಿನಂತೆ ಮೆರೆಸಿಕೊಂಡು, ಫ್ಯಾಕ್ಟರಿಯಿಂದ ಒಂದು ಸಿಲಿಂಡರು ತಂದರು.

"ಇದ್ರಾಗೇನೈತೆ?"

"ಗಾಳಿ. ಒತ್ತಿ ತುಂಬವ್ರೆ."

"ಗಾಳಿ ತರಾಕೆ ಗಾಡೀನಾ? ಬಾಗ್ಲು ತೆಗೆದ್ರೆ ಬೇಕಾದಂಗೆ ಬೀಸ್ತದಲ್ಲ!"

"ನಿಂಗೇನ್ ಗೊತ್ತು, ಸುಮ್ಕಿರು. ಈ ಸ್ಪಂಜಿನ ಉಂಡೆಗೆ ನೂಲು ಕಟ್ಟಿ ಪೈಪಿಗಿಟ್ಟು ಹಿಂದ್ಗಡೆಯಿಂದ ಗಾಳಿ ಬಿಟ್ರೆ, ನೂಲೆಳ್ಕೊಂಡು ಆಕಡೆ ಓಡ್ತದೆ. ನೂಲಿಗೆ ಹಗ್ಗ, ಹಗ್ಗಕ್ಕೆ ವೈರು. ಅವ್ನೇ ಎಳ್ಕೊಳ್ಲಿ. ನಾನಂತೂ ಬಾಯ್ ಬಿಡಾಕಿಲ್ಲ."

ಅಷ್ಟು ಉದ್ದದ ಮಾತನ್ನು ಅವರು ನನ್ನೊಡನೆ ಹಿಂದೆಂದೂ ಆಡಿರಲಿಲ್ಲ. ಒಂದು ಗಳಿಗೆ ಮನಸ್ಸು ಕರಗಿ, ನಿಜ ಹೇಳಿಬಿಡೋಣವೆನಿಸಿತು. ಅಷ್ಟರಲ್ಲಿ ಉಂಡೆಯನ್ನು ಪೈಪಿಗಿಟ್ಟು ಸಿಲಿಂಡರಿನ ತಿರುಗಣೆ ತಿರುಗಿಸಿದರು.

ಬುಸ್ ಎಂದಿತು. ಉಂಡೆ ಅಲ್ಲಾಡಲಿಲ್ಲ. ಇನ್ನಷ್ಟು ತಿರುಗಿಸಿದರು. ಗೋಡೆ ಬಸುರಿ ಬೆಕ್ಕಿನಂತೆ ಗುರುಗುಟ್ಟಿತು.

"ಸಾಕು ಬುಡಿ, ಗೋಡೆ ಸೀಳೋಯ್ತದೆ!"

"ಸಿಮೆಂಟಾ, ನಾನಾ, ನೋಡೇಬುಡ್ತೀನಿ!"

ಢಮ್!

ನೂಲು ಸರ್ರನೆ ಒಳಗೋಡಿತು. ಗೋಡೆಯಾಚೆ ಗಂಗಳ ಬಿದ್ದ ಸದ್ದು. ಮರುಗಳಿಗೆಗೆ ಆವುಲಪ್ಪ ನಮ್ಮ ಬಾಗಿಲಲ್ಲಿ ನಿಂತಿದ್ದ. ಮೀಸೆಯಲ್ಲಿ ಹುರುಳಿಸಾರು, ಕೈಯಲ್ಲಿ ಗಿಳಿಹಸಿರು ಉಂಡೆ.

"ಏನಣ್ಣಾ ಇದು! ಮುದ್ದೆ ಮುರಿಯೋವಾಗ ಅತ್ಗೆ ರವ್ಕೆ ತೋಳ್ನ ನನ್ ಸಾರಿಗೆ ಹಾರಿಸ್ಬುಟ್ಟೆ?"

ಇವರು ತೋಳನ್ನು ನೋಡಿದರು, ನನ್ನನ್ನು ನೋಡಿದರು. "ಇಲಿ ಎಳ್ಕೊಂಡೋಗಿರ್ಬೇಕು" ಎಂದೆ. ಅದೃಷ್ಟಕ್ಕೆ ಇವರ ತಲೆಯಲ್ಲಿ ಬೇರೇನಕ್ಕೂ ಜಾಗವಿರಲಿಲ್ಲ.

"ಅಂಗಾರೆ ನೂಲು ಬಂತಾ?"

"ಬಂತು."

"ಎಲ್ಲೀಗಂಟ ಹಾರ್ತು?"

"ಒಲೆ ದಾಟಿ ನನ್ ಗಂಗಳಕ್ಕೇ ಬಂದು ಬಿತ್ತಲ್ಲಾ!"

"ಭಲೇ! ನೋಡ್ದೇನ್ಲಾ ಪ್ರೆಷರ್ರು!" ಎಂದು ಇವರು ತಮ್ಮನ ಬೆನ್ನಿಗೆ ಗುದ್ದಿದರು. ಅವನು ನಕ್ಕುಬಿಟ್ಟ. ಮಾತು ಬಿಟ್ಟವರ ಜಗಳ ಹುರುಳಿಸಾರಿನಲ್ಲಿ ಕರಗಿತು. ಸಂಜೆಯವರೆಗೆ ಇಬ್ಬರೂ ನನ್ನ ಪೈಪಿಗೆ ಬಾಯಿಟ್ಟು, "ಎಳೀಲಾ!" "ಬಂತಣ್ಣಾ!" ಎಂದು ಕಿರುಚುತ್ತ ವೈರು ಎಳೆದರು. ಅವಳ ಮನೆಯಲ್ಲಿ ಬಲ್ಬು ಹತ್ತಿತು.

ಆಮೇಲೆ ಅಣ್ಣತಮ್ಮಂದಿರು ಹಿತ್ತಿಲ ಕಟ್ಟೆ ಬಿಟ್ಟೇಳಲಿಲ್ಲ. ಪೈಪೂ ಹೋಯಿತು, "ಉಪ್ಪು", "ಸಾಕು" ಎನ್ನುತ್ತಿದ್ದ ಗಂಡನೂ ತಮ್ಮನ ಪಾಲಾದರು. ಮುನಿರತ್ನಮ್ಮ ಸಂಜೆ ನಮ್ಮ ಅಡುಗೆಮನೆಗೆ ಬಂದು ಎದುರಿಗೆ ಕೂರುತ್ತಿದ್ದಳು.

"ಊಟ ಆಯ್ತಾ?"

"ಆಯ್ತಕ್ಕಾ."

ಅಷ್ಟೇ. ಬಲ್ಬಿನ ಬೆಳಕಿನಲ್ಲಿ ಅವಳ ಕಣ್ಣು ಕಾಣುತ್ತಿತ್ತು. ಪೈಪಿಗೆ ಹೇಳಿದ್ದನ್ನೆಲ್ಲ ಬಲ್ಲ ಆ ಕಣ್ಣುಗಳ ಮುಂದೆ ನನ್ನ ನಾಲಗೆ ಏಳುತ್ತಿರಲಿಲ್ಲ. ಅವಳೂ ಸೆರಗಿನ ಅಂಚು ಸುತ್ತುತ್ತ ಕೂರುವಳು. ಗೋಡೆ ಇದ್ದಾಗ ಅವಳು ಎಷ್ಟು ಹತ್ತಿರವಿದ್ದಳು!

ಒಂದು ಸಂಜೆ ಊರಿಗೆ ಊರೇ ಕರೆಂಟು ಹೋಯಿತು. ಕತ್ತಲಲ್ಲಿ ಮೆಲ್ಲಗೆ, "ಅಕ್ಕಾ, ನಿಂಗೆ ನನ್ ಮೇಲೆ ಕ್ವಾಪ ಇತ್ತಾ?" ಎಂದಿತು ಆ ಹಳೆಯ ದನಿ. ಮಾತು ಹರಿಯಿತು. ಅರ್ಧದಲ್ಲಿ ಬಲ್ಬು ಫಳ್ಳೆಂದಿತು, ಇಬ್ಬರೂ ಬಾಯಿ ಮುಚ್ಚಿದೆವು.

ಮರುದಿನದಿಂದ ಕರೆಂಟಿನವರನ್ನು ನಾನು ಕಾಯಲಿಲ್ಲ. ದೀಪ ಹಚ್ಚುವ ಹೊತ್ತು ದಾಟುತ್ತಲೇ ಜಗುಲಿಯ ಪಿಂಗಾಣಿ ಫ್ಯೂಸನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸುತ್ತಿದ್ದೆ. "ಫ್ಯೂಸು ನೆಟ್ಗೈತೆ, ನೋಡ್ದೆ" ಎಂದು ನಾನು ಕೂಗಿಬಿಟ್ಟರೆ ಅಣ್ಣತಮ್ಮ ಹಿತ್ತಿಲಲ್ಲಿ ಏಣಿ ಹತ್ತಿ, ಬ್ಯಾಟರಿ ಹಿಡಿದು, ಕಂಬದ ವೈರನ್ನು ಬೈದುಕೊಂಡು ಹುಡುಕುವರು; ಅವರು ಇಳಿಯುವಷ್ಟರಲ್ಲಿ ಫ್ಯೂಸು ತನ್ನ ಜಾಗ ಸೇರಿರುತ್ತಿತ್ತು. ಒಳಗೆ ನಾವು ಎರಡು ಗುಡ್ಡಗಳಂತೆ ಓಗೊಡುತ್ತಿದ್ದೆವು. ಎರಡು ಮನೆಗೆ ಬೆಳಕು ತಂದವನ ಹೆಂಡತಿ ದಿನವೂ ಕತ್ತಲು ಕದಿಯುತ್ತಿದ್ದಾಳೆಂದು ಯಾರಿಗೂ ತಿಳಿದಿಲ್ಲ ಎಂದು ಒಳಗೊಳಗೇ ಬೀಗಿದ್ದೆ.

ನಿನ್ನೆ ಸಂಜೆ ನಾನು ಜಗುಲಿಗೆ ಬರುವಷ್ಟರಲ್ಲೇ ದೀಪ ಆರಿತು. ತಡಕಿ ನೋಡಿದರೆ ಫ್ಯೂಸಿನ ಜಾಗ ಖಾಲಿ. ಇವರಿಗೆ ಗೊತ್ತಾಯಿತೇ, ಇನ್ನು ನನ್ನ ಗತಿಯೇನು ಎಂದು ಗೋಡೆಯ ಮೇಲೆಲ್ಲ ಕೈಯಾಡಿಸುತ್ತ ಬೆವರಿದೆ.

ಕತ್ತಲಿನಿಂದ ಮುನಿರತ್ನಮ್ಮ ಪಿಸುಗುಟ್ಟಿದಳು:

"ಹುಡುಕ್ಬ್ಯಾಡ ಬಾ ಅಕ್ಕಾ. ಇವತ್ತು ನನ್ ಸೊಂಟದಾಗೈತೆ."